ಹಿಂಡಿನ ಮುಂದೆ ರೇಣವ್ವ

ಕುರಿ ಕಂಡರೆ ನನಗೆ ಆಗುತ್ತಿರಲಿಲ್ಲ. ಬಾಗಲಕೋಟೆ–ಇಳಕಲ್ಲ ಬಸ್ಸಿನಲ್ಲಿ ನನ್ನ ಹಾಗೆ ಕಂಡಕ್ಟರಾಗಿದ್ದ ಯಾರನ್ನು ಬೇಕಾದರೂ ಕೇಳಿ ನೋಡಿ, ಇದನ್ನೇ ಹೇಳುತ್ತಾರೆ. ದೀಪಾವಳಿ ಮುಗಿಯಿತೋ ಇಲ್ಲವೋ, ರಸ್ತೆ ತುಂಬ ಕುರಿ. ಡ್ರೈವರ್ ಕಳಕಪ್ಪ ಹಾರ್ನ್ ಒತ್ತಿ ಒತ್ತಿ ಸುಸ್ತಾಗುವನು, ಕಿಟಕಿಯ ಹತ್ತಿರ ಕೂತವರು ಮೂಗು ಮುಚ್ಚಿಕೊಳ್ಳುವರು, ಬಸ್ಸು ತಡವಾಯಿತೆಂದು ಬೈಸಿಕೊಳ್ಳುವವನು ಮಾತ್ರ ನಾನೊಬ್ಬನೇ. ಹಿಂಡಿನ ಹಿಂದೆ ಬರುವ ಕುರುಬನೋ, ಹೆಗಲ ಮೇಲೆ ಕೋಲು ಅಡ್ಡ ಇಟ್ಟು, ಎರಡೂ ಕೈ ಅದರ ಮೇಲೆ ಇಳಿಬಿಟ್ಟು, ಆ ರಸ್ತೆಯನ್ನು ತನ್ನಜ್ಜನೇ ಹಾಕಿಸಿದ್ದೆಂಬಂತೆ ನಡೆಯುತ್ತಿದ್ದ. ನಾನು ಬಾಗಿಲಲ್ಲಿ ಜೋತುಬಿದ್ದು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ.

ಹಾಗೆ ನನ್ನಿಂದ ಬೈಸಿಕೊಂಡವರಲ್ಲಿ ನಮ್ಮೂರು ಶಿರೂರಿನ ಕನಕಪ್ಪನೂ ಒಬ್ಬ. ನಾನು ಬರೆಯಹೊರಟಿರುವುದು ಅವನ ಹೆಂಡತಿ ರೇಣವ್ವನ ಬಗ್ಗೆ. ಬಾದಾಮಿ ಹತ್ತಿರದ ಚೊಳಚಗುಡ್ಡ ಅವಳ ತವರು. ಎತ್ತರದ ಆಳು, ಮಾತು ಕಡಿಮೆ. ಮಾತಾಡಿದರೆ ಎದುರಿನವರಿಗೆ ಮುಂದೆ ಮಾತು ಹೊಳೆಯದ ಹಾಗೆ ಆಡುವವಳು. ಅವರ ಮನೆ ಊರಿನ ಅಂಚಿಗೆ, ರಸ್ತೆಯ ಮಗ್ಗುಲಲ್ಲೇ ಇತ್ತು. ದಿನಾ ಬಸ್ಸು ಆ ಮನೆಯ ಮುಂದೆಯೇ ಹಾದುಹೋಗುತ್ತಿದ್ದುದರಿಂದ ಅವರ ಸಂಸಾರದ ಬಹಳಷ್ಟು ಸಂಗತಿ ನಾನು ಕಣ್ಣಾರೆ ಕಂಡದ್ದು. ಉಳಿದದ್ದನ್ನು ಅವಳ ಅತ್ತೆ ಸತ್ಯವ್ವ ಎಲೆ ಅಡಿಕೆ ಕುಟ್ಟುತ್ತ ಕುಟ್ಟುತ್ತ ನನಗೆ ಹೇಳಿದ್ದಾಳೆ. ಸತ್ಯವ್ವನ ಮಾತಿಗೆ ಸ್ವಲ್ಪ ಉಪ್ಪುಖಾರ ಜಾಸ್ತಿ ಇರುತ್ತದೆ, ಅಷ್ಟನ್ನು ಕಳೆದು ಬರೆದಿದ್ದೇನೆ.

ಎಂಬತ್ತೆರಡನೆಯ ಇಸವಿಯಲ್ಲಿ ಹುನಗುಂದದ ಹತ್ತಿರ ಕಲ್ಲು ಹೇರಿಕೊಂಡು ಬಂದ ಲಾರಿಯೊಂದು ಕನಕಪ್ಪನ ಕಾಲಿನ ಮೇಲೆ ಹಾಯ್ದಿತು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಆಗ ದೇಶ ವಿದೇಶದ ಗಿರಾಕಿಗಳು ಹುಟ್ಟಿಕೊಂಡಿದ್ದ ಕಾಲ. ಆ ಕಲ್ಲುಬಂಡೆ ಹೊತ್ತ ಲಾರಿಗಳು ರಸ್ತೆಯಲ್ಲಿ ಯಾರಿಗೂ ದಾರಿ ಕೊಡುತ್ತಿರಲಿಲ್ಲ. ಕನಕಪ್ಪ ಜೀವಸಹಿತ ದವಾಖಾನೆಯಿಂದ ಬಂದ, ಆದರೆ ಬಗಲಲ್ಲಿ ಊರುಗೋಲು ಬಂದಿತ್ತು. ಹಿಂಡು ಅವನದೊಬ್ಬನದಲ್ಲ, ತಮ್ಮ ಗುರಲಿಂಗಪ್ಪನದೂ ಪಾಲಿತ್ತು. ಒಂದು ವರ್ಷ ಹೇಗೋ ಕೂಲಿಯವರ ಕೈಯಲ್ಲಿ ಕುರಿ ಕಾಯಿಸಿದರು. ಮರುವರ್ಷ ದೀಪಾವಳಿ ಮುಗಿದ ಮೇಲೆ, ಹಿಂಡು ದೇಶಾಂತರ ಹೊರಡುವ ಹೊತ್ತಿಗೆ, ಕುರುಬರ ದೇವರು ಬೀರಪ್ಪನ ಗುಡಿಯ ಮುಂದೆ ಮಾತು ಬಂತು.

ಗುರಲಿಂಗಪ್ಪ ಕೆಟ್ಟವನಲ್ಲ. ಕ್ವಾರಿಯಲ್ಲಿ ಕೆಲಸಕ್ಕೆ ಸೇರಿದ್ದ, ಪ್ಯಾಂಟು ಹಾಕಲು ಕಲಿತಿದ್ದ, ಅಷ್ಟೆ.

"ವೈನಿ, ಅಣ್ಣಗ ನಡ್ಯಾಕ ಬರೂದಿಲ್ಲ. ನಾ ಇನ್ನ ಕುರಿ ಹಿಂದ ತಿರಗಾಂವಲ್ಲ. ಅಮೀನಗಡ ಸಂತ್ಯಾಗ ಒಮ್ಮೆ ಕೊಟ್ಟು ಕೈ ತೊಳಕೊಳ್ಳೂಣು. ಒಂದು ಟೆಂಪೋ ತಗೊಂಡ್ರ ಎರಡೂ ಮನಿ ಆರಾಮ ಉಣ್ತಾವು," ಎಂದ ಅತ್ತಿಗೆಗೆ.

ಕನಕಪ್ಪ ಗುಡಿಯ ಗೋಡೆ ನೋಡುತ್ತ ಕೂತಿದ್ದ. ಹುಟ್ಟಿದಾಗಿನಿಂದ ಕುರಿಯ ಜೊತೆ ಬೆಳೆದವನು. ಹಿಂಡು ಹೋದರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ನಾ ನಡಸ್ತೇನಿ," ಎಂದಳು ರೇಣವ್ವ.

ಗಂಡಸರು ನಕ್ಕರು. ಕುರುಬರಲ್ಲಿ ಹೆಂಗಸರು ಹಿಂಡಿನ ಜೊತೆ ಹೋಗುವುದಿಲ್ಲವೆಂದಲ್ಲ. ಕುದುರೆಯ ಮೇಲೆ ಪಾತ್ರೆ ಪಗಡೆ, ಆಗಷ್ಟೇ ಹುಟ್ಟಿದ ಮರಿಗಳನ್ನು ಹೇರಿಕೊಂಡು ಹಿಂದಿನಿಂದ ಹೋಗುವರು, ಅಡುಗೆ ಮಾಡುವರು. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಗಂಡಸರ ಮಾತು. ಪೂಜಾರಿ ಅಮಸಿದ್ದಪ್ಪ ನಗಲಿಲ್ಲ.

"ಹಿಂಡಿನ ಮುಂದ ನಡ್ಯೂದು ದೇವರ ಟಗರು, ಮನಷ್ಯಾ ಅಲ್ಲ. ಹಿಂದ ಗಂಡಸಿದ್ರೇನು, ಹೆಂಗಸಿದ್ರೇನು? ಯುಗಾದಿ ಒಳಗ ಟಗರು ಮುಂದಾಗಿ ಹಿಂಡು ಕನಕಪ್ಪನ ಹೊಸ್ತಿಲಕ್ಕ ಬಂದ್ರ, ಹಿಂಡು ಉಳೀತು. ಇಲ್ಲಂದ್ರ ಗುರಲಿಂಗ ಹೇಳಿದಂಗ ಆಗ್ಲಿ."

ದೇವರ ಟಗರು ಎಂದರೆ ಬೀರಪ್ಪನ ಹೆಸರಿನಲ್ಲಿ ಬಿಟ್ಟದ್ದು. ಅದನ್ನು ಮಾರುವುದಿಲ್ಲ, ಅದರ ಉಣ್ಣೆ ಕತ್ತರಿಸುವುದಿಲ್ಲ. ಕೊರಳಲ್ಲಿ ಒಂದು ಕಂಚಿನ ಗಂಟೆ. ಹಿಂಡು ಆ ಗಂಟೆಯ ಸದ್ದಿನ ಹಿಂದೆ ಹೋಗುತ್ತದೆ. ತಿಂಗಳುಗಟ್ಟಲೆ ತಿರುಗಿ ಮನೆಗೆ ಮರಳಿದಾಗ ಮನೆಯ ಯಜಮಾನ ಹೊಸ್ತಿಲಲ್ಲಿ ನಿಂತು ಆ ಟಗರಿನ ಕಾಲು ತೊಳೆಯಬೇಕು. ಅದು ಒಳಗೆ ಕಾಲಿಟ್ಟ ಮೇಲೆಯೇ ಉಳಿದ ಕುರಿ ದಡ್ಡಿಗೆ, ಎಂದರೆ ಕುರಿಹಟ್ಟಿಗೆ, ಹೋಗುವುದು. ದಾರಿಯಲ್ಲಿ ಟಗರು ಸತ್ತರೆ ದೇವರು ಹಿಂಡು ಬಿಟ್ಟುಹೋದನೆಂದು ಲೆಕ್ಕ.

ಗಂಡನ ಆರೈಕೆಗೆ ಮಗಳು ಹನಮವ್ವನನ್ನು ಬಿಟ್ಟು ರೇಣವ್ವ ಹೊರಟಳು. ಜೊತೆಗೆ ಸತ್ಯವ್ವ. "ನೀವ್ಯಾಕ ಬರ್ತೀರಿ ಅತ್ತಿ, ಈ ವಯಸ್ಸಿನಾಗ?" ಎಂದರೆ, "ಮನ್ಯಾಗ ಕುಂತು ಬ್ಯಾಸರಾಗೇತಿ. ಸತ್ರ ಹಾದ್ಯಾಗ ಸಾಯ್ತೇನಿ, ನಿನಗೇನು?" ಎಂದಳಂತೆ ಮುದುಕಿ. ಇಬ್ಬರು ಹೆಂಗಸರು, ಎರಡು ನಾಯಿ, ಒಂದು ಕುಂಟು ಕುದುರೆ. ಅವರನ್ನು ಹಾದುಹೋಗುವಾಗ ನಾನು ಬಸ್ಸಿನ ಬಾಗಿಲಿಂದ ಕೂಗಿದೆ.

"ರೇಣವ್ವಕ್ಕಾ, ಎಲ್ಲಾ ಕುರಿನೂ ಬಸ್ಸಿಗೆ ಹತ್ತಸು, ಟಿಕೆಟ್ ಕೊಡ್ತೇನಿ!"

"ಅರ್ಧಾ ಟಿಕೆಟ್ ಹಾಕು ತಮ್ಮಾ, ಇವು ಇನ್ನಾ ಸಣ್ಣವು," ಎಂದಳು ತಿರುಗಿ ಕೂಡ ನೋಡದೆ. ಇಡೀ ಬಸ್ಸು ನನ್ನನ್ನು ನೋಡಿ ನಕ್ಕಿತು.

ಹಳೆಯ ದಾರಿ ಹೀಗಿತ್ತು: ಶಿರೂರಿನಿಂದ ಬಾದಾಮಿ ಕಡೆ ಇಳಿದು, ಮಲಪ್ರಭೆಯ ದಂಡೆ ಹಿಡಿದು ಐಹೊಳೆ, ಅಮೀನಗಡ, ಹುನಗುಂದ, ಇಳಕಲ್ಲ, ಅಲ್ಲಿಂದಾಚೆ ಕಪ್ಪುಮಣ್ಣಿನ ಎರೆಭೂಮಿಯ ಹಳ್ಳಿಗಳು, ಬರುವಾಗ ಡಾಂಬರು ರಸ್ತೆಗುಂಟ ನೇರ ಮನೆಗೆ. ಕನಕಪ್ಪನ ಅಪ್ಪ ನಡೆದದ್ದೂ ಅದೇ ದಾರಿ. ಎಲ್ಲೆಲ್ಲಿ ನೀರು, ಎಲ್ಲೆಲ್ಲಿ ಬೀಳುಭೂಮಿ, ಯಾವ ಗೌಡನ ಹೊಲದಲ್ಲಿ ಹಿಂಡು ತರುಬುವುದು ಎಲ್ಲ ಸತ್ಯವ್ವನ ಬಾಯಲ್ಲಿತ್ತು. ತರುಬುವುದೆಂದರೆ ರಾತ್ರಿ ಹಿಂಡನ್ನು ಹೊಲದಲ್ಲಿ ಕೂಡಿಹಾಕುವುದು. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಜೋಳ ಕೊಡುತ್ತಾರೆ. ಕುರುಬರು ಆರು ತಿಂಗಳು ಉಣ್ಣುವುದು ಆ ಜೋಳವನ್ನೇ. ಆದರೆ ಮುದುಕಿಯ ಬಾಯಲ್ಲಿದ್ದ ದಾರಿ ನೆಲದ ಮೇಲೆ ಉಳಿದಿರಲಿಲ್ಲ.

ಚೊಳಚಗುಡ್ಡದಲ್ಲಿ ಹಿಂಡು ನಿಲ್ಲುತ್ತಿದ್ದ ಬಯಲಿನಲ್ಲಿ ಸಾಲು ಅಂಗಡಿಗಳು ಎದ್ದಿದ್ದವು. ಅದರಲ್ಲೊಂದು ರೇಣವ್ವನ ಖಾಸಾ ತಮ್ಮ ಹುಲ್ಲಪ್ಪನದೇ. ಕುರಿ ಮಾರಿ, ಬನಶಂಕರಿಗೆ ಬರುವ ಭಕ್ತರಿಗೆ ತೆಂಗಿನಕಾಯಿ, ಪ್ಲಾಸ್ಟಿಕ್ ಗೊಂಬೆ ಮಾರುತ್ತಿದ್ದ. ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ಒದರುತ್ತಿತ್ತು. ಅಕ್ಕನನ್ನು ಕಂಡು ಅವನಿಗೆ ಸಂತೋಷವೂ ಆಯಿತು, ಗಿರಾಕಿಗಳ ಮುಂದೆ ನಾಚಿಕೆಯೂ ಆಯಿತು.

"ಅಕ್ಕಾ, ಸಾಕು ಮಾಡು ಈ ತಿರಗಾಟ. ನನ್ನ ನೋಡು, ನೆರಳಾಗ ಕುಂತೇನಿ."

"ಕುಂದುರು ತಮ್ಮಾ. ನಿನ್ನ ನೆರಳು ನಿನಗಿರಲಿ, ನನ್ನ ಕುರಿಗೆ ನೀರೆಲ್ಲಿ ಕುಡಸ್ಲಿ, ಅಷ್ಟ ಹೇಳು," ಎಂದಳು ಅವಳು. ಹುಲ್ಲಪ್ಪ ಅಂಗಡಿ ಮುಚ್ಚಿ ತಾನೇ ಹಿಂಡನ್ನು ಹೊಂಡದವರೆಗೆ ಬಿಟ್ಟುಬಂದ. ಬರುವಾಗ ಒಂದು ಮರಿಯನ್ನು ಬಹಳ ಹೊತ್ತು ಎತ್ತಿಕೊಂಡಿದ್ದನಂತೆ.

ಹೊಳೆಯ ದಂಡೆಯಲ್ಲಿ ಬೀಳು ಎನ್ನುವುದೇ ಇರಲಿಲ್ಲ. ಪಂಪ್‌ಸೆಟ್ ಬಂದಲ್ಲೆಲ್ಲ ಕಬ್ಬು, ಸೂರ್ಯಕಾಂತಿ. ದೇವರ ಟಗರಿಗೆ ಹಳೆಯ ದಾರಿ ಕಾಲಿಗೇ ಗೊತ್ತು, ಅದು ನೇರ ಕಬ್ಬಿನ ಗದ್ದೆಗೆ ನುಗ್ಗುತ್ತಿತ್ತು. ದಿನಕ್ಕೊಮ್ಮೆ ಜಗಳ. ಹಿಂದೆಲ್ಲ ಕನಕಪ್ಪನ ಹಿಂಡಿಗಾಗಿ ಆಳು ಕಳಿಸಿ ಕಾಯುತ್ತಿದ್ದ ಹೊಲದವನೊಬ್ಬ ಈ ಸಲ ಬದುವಿನ ಮೇಲೇ ತಡೆದು ನಿಲ್ಲಿಸಿದ.

"ಬ್ಯಾಡ ಯವ್ವಾ. ಈಗ ಗೊಬ್ಬರ ಚೀಲದಾಗ ಬರ್ತೈತಿ. ನಿಮ್ಮ ಕುರಿ ತುಳದು ನನ್ನ ಪೈಪ್ ಹಾಳಾಗ್ತಾವು."

ಅವನು ಬೆದರಿಸಿಯೂ ಹೇಳಲಿಲ್ಲ, ಬೈದೂ ಹೇಳಲಿಲ್ಲ. ಚಾ ಕುಡಿಸಿ ಹೇಳಿದ. ಅದಕ್ಕೇ ರೇಣವ್ವನಿಗೆ ಹೆಚ್ಚು ಸಂಕಟವಾಯಿತು. ಬೈಯುವವರ ಜೊತೆ ಜಗಳಾಡಬಹುದು, ಬೇಡವಾದೆ ಎಂದು ಪ್ರೀತಿಯಿಂದ ಹೇಳುವವರ ಜೊತೆ ಏನು ಮಾಡುವುದು?

ಅಮೀನಗಡದ ಗುಡ್ಡದಲ್ಲಿ ಸರಕಾರದವರು ನೀಲಗಿರಿ ನೆಟ್ಟು ಬೇಲಿ ಹಾಕಿದ್ದರು. ಕಾವಲಿಗೆ ಇದ್ದವನು ಖಾಕಿ ಅಂಗಿ ತೊಟ್ಟ ಹುಡುಗ, ದೊಡ್ಡ ಸಾಹೇಬನ ಠೀವಿಯಲ್ಲಿ ಕೋಲು ಬೀಸುತ್ತ ಬಂದ. ಸತ್ಯವ್ವ ಅವನ ಮುಖ ದಿಟ್ಟಿಸಿ ನೋಡಿದಳು. "ನೀ ಮುದಕಪ್ಪನ ಮಗ ಅಲ್ಲೇನ್ಲೇ? ನಿಮ್ಮಪ್ಪ ನಮ್ಮ ಜೋಡಿ ಇದ ಗುಡ್ಡದಾಗ ಕುರಿ ಕಾದಾಂವ. ನೀ ಕಂಬಳ್ಯಾಗ ಉಚ್ಚಿ ಹೊಯ್ಕೊಂಡು ಬೆಳದಾಂವ, ನನಗ ಕೋಲು ತೋರಸ್ತಿ?" ಎಂದಳು. ಅವನು ಮೇಯಲು ಬಿಡಲಿಲ್ಲ, ನೌಕರಿಯ ಭಯ. ಆದರೆ ಬೇಲಿ ಸರಿಸಿ ಕೆರೆಗೆ ನೀರಿಗೆ ಬಿಟ್ಟ.

ಹುನಗುಂದ ದಾಟಿ ಇಳಕಲ್ಲಿಗೆ ಬಂದರೆ ಊರ ತುಂಬ ಖಟಖಟ ಸದ್ದು. ಮಗ್ಗಗಳಿಗೆ ಕರೆಂಟು ಬಂದಿತ್ತು. ನಮ್ಮ ಡ್ರೈವರ್ ಕಳಕಪ್ಪನೂ ಅದೇ ಊರಿನ ನೇಕಾರರ ಮನೆಯವನು. ಕೈಯಿಂದ ನೇಯುವ ಅಪ್ಪನ ಕುಣಿಮಗ್ಗ ಬಿಟ್ಟು ಸ್ಟೀರಿಂಗ್ ಹಿಡಿದಿದ್ದ. ಆ ಸದ್ದಿಗೆ ಕುರಿ ಬೆಚ್ಚಿ ಓಣಿ ಓಣಿ ಹೊಕ್ಕವು. ಎಲ್ಲವನ್ನೂ ಕೂಡಿಸಿ ಊರಾಚೆ ತರುವಷ್ಟರಲ್ಲಿ ಮುದುಕಿ ರಸ್ತೆಯ ಮೇಲೇ ಕೂತುಬಿಟ್ಟಳು.

"ಇನ್ನ ಎಲ್ಲಿಗೆ ಹೋಗೂದು? ಜಗತ್ತಿನಾಗ ನಮಗ ಜಾಗ ಇಲ್ಲ. ತಿರಗು ಹಿಂದಕ."

"ಅತ್ತಿ, ಡಾಂಬರ ರಸ್ತೆ ಹೋಗಿದ್ದಲ್ಲೆಲ್ಲ ಗೊಬ್ಬರದ ಚೀಲ ಹೋಗೇತಿ. ಡಾಂಬರ ಇಲ್ಲದಲ್ಲಿಗೆ ಹೋಗೂಣು. ಏಳ್ರಿ," ಎಂದಳು ರೇಣವ್ವ.

ಅವಳ ಲೆಕ್ಕ ಸರಿಯಿತ್ತು. ಲಾರಿ ಹೋಗದ, ಬಂಡಿ ಮಾತ್ರ ಹೋಗುವ ಎರೆಹಳ್ಳಿಗಳನ್ನು ಒಂದೊಂದಾಗಿ ಕೇಳಿಕೊಂಡು ಹೋದಳು. ಗಂಡಸರಿಲ್ಲದ ಹಿಂಡೆಂದು ಮೊದಮೊದಲು ಜನ ಅನುಮಾನಿಸಿದರು, ಆಮೇಲೆ ಕರೆದು ಕರೆದು ತರುಬಿಸಿಕೊಂಡರು. ಕುದುರೆಯ ಬೆನ್ನು ಬಾಗುವಷ್ಟು ಜೋಳ ಬಂತು. ಹಿಂಡು ಮರಿ ಹಾಕಿತು. ಗಂಡನ ಕೋಲು ಹಿಡಿದು ಹೊರಟವಳಿಗೆ ಶಿವರಾತ್ರಿಯ ಹೊತ್ತಿಗೆ ಅದು ತನ್ನದೇ ಕೋಲು ಎನಿಸತೊಡಗಿತ್ತು. ಮನೆಯ ಕಡೆ ಮುಖ ಮಾಡಿದಳು.

ನಡೆದ ಅನಾಹುತಕ್ಕೆ ಕಾರಣ ಅವರ ಒಂದು ಪದ್ಧತಿ. ಅಮಾವಾಸ್ಯೆಯ ದಿನ ಕುರಿಗೆ ಉಪ್ಪು ನೆಕ್ಕಿಸಬೇಕು. ಮೊದಲು ಒಂದು ಕಲ್ಲು ಇಟ್ಟು ಬೀರಪ್ಪನೆಂದು ಅದಕ್ಕೆ ಉಪ್ಪಿನ ಎಡೆ, ಆಮೇಲೆ ದೇವರ ಟಗರಿಗೆ, ಆಮೇಲೆ ಹಿಂಡಿಗೆ. ಹಿಂಡು ನೆಕ್ಕುವವರೆಗೆ ಆ ಉಪ್ಪಿನ ಒಂದು ಹರಳನ್ನೂ ಮನುಷ್ಯರು ನಾಲಗೆಗೆ ಹಚ್ಚುವಂತಿಲ್ಲ. ಶಿವರಾತ್ರಿ ಅಮಾವಾಸ್ಯೆಯ ದಿನ ಅವರು ಇಳಕಲ್ಲ ದಾಟಿ ಹುನಗುಂದದ ದಾರಿಯಲ್ಲಿದ್ದರು. ತಂದ ಉಪ್ಪು ಮುಗಿದಿತ್ತು. ಒಂದು ಸಣ್ಣ ಸೇತುವೆಯ ಬದಿಗೆ, ಯಾವುದೋ ಲಾರಿಯಿಂದ ಬಿದ್ದು ಒಡೆದ ಚೀಲದಿಂದ ಬೆಳ್ಳಗೆ ಏನೋ ಚೆಲ್ಲಿತ್ತು. ರಾಶಿ ರಾಶಿ.

"ಸಾಬೂದಾಣಿ ಕಾಳಿನಂಗ ಐತಲ್ಲ ಇದು?" ಎಂದು ಸತ್ಯವ್ವ ಅನುಮಾನಪಟ್ಟಳು.

"ಎಲ್ಲಾ ಬದಲಾಗೇತಿ ಅತ್ತಿ, ಉಪ್ಪೂ ಬದಲಾಗಿರತೈತಿ," ಎಂದಳು ರೇಣವ್ವ.

ಆ ಮಾತು ಅವಳು ತಿಳಿಗೇಡಿಯಾಗಿ ಆಡಿದ್ದಲ್ಲ. ಬಯಲು ಅಂಗಡಿಯಾಗಿತ್ತು, ಗುಡ್ಡ ನೀಲಗಿರಿಯಾಗಿತ್ತು, ಮಗ್ಗ ಕೈಯಿಲ್ಲದೆ ನೇಯುತ್ತಿತ್ತು, ರಸ್ತೆ ಬದಿಯ ಹೋಟೆಲ್ಲಿನಲ್ಲಿ ಉಪ್ಪು ಮಲ್ಲಿಗೆಯಷ್ಟು ಬೆಳ್ಳಗಿದ್ದುದನ್ನು ಅವಳೇ ಕಂಡಿದ್ದಳು. ಇಷ್ಟೆಲ್ಲ ನೋಡಿಕೊಂಡು ಬಂದವಳು ಮತ್ತೇನು ತಿಳಿಯಬೇಕಿತ್ತು? ಒಂದು ಹರಳು ನಾಲಗೆಗೆ ಹಚ್ಚಿದ್ದರೆ ಗೊತ್ತಾಗುತ್ತಿತ್ತು. ಪದ್ಧತಿ ಮುರಿಯಲಿಲ್ಲ. ಕಲ್ಲು ಇಟ್ಟು ಎಡೆ ಮಾಡಿ, ಟಗರಿಗೆ ಬೊಗಸೆ ತುಂಬ ನೆಕ್ಕಿಸಿ, ಹಿಂಡನ್ನು ಬಿಟ್ಟಳು.

ನಮ್ಮ ಬಸ್ಸು ಇಳಕಲ್ಲಿನಿಂದ ಬಾಗಲಕೋಟೆಗೆ ಹೊರಟು ಅಲ್ಲಿಗೆ ಬಂದಾಗ ಬಿಸಿಲೇರಿತ್ತು. ರಸ್ತೆಯ ತುಂಬ ಕುರಿ. ಎಂದಿನಂತೆ ಬಯ್ಯಲು ಬಾಯಿ ತೆರೆದೆ. ತೆರೆದದ್ದು ಹಾಗೇ ಉಳಿಯಿತು. ಕುರಿಗಳು ನಿಂತಲ್ಲೇ ನಡುಗುತ್ತಿದ್ದವು, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬಿ ನಗಾರಿಯಾಗಿತ್ತು. ಕೆಲವು ಬಿದ್ದು ಕಾಲು ಝಾಡಿಸುತ್ತಿದ್ದವು. ಸತ್ಯವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಯಾವನೋ ಮಾಟ ಮಾಡಿಸಿದ್ದಾನೆಂದು ಅವಳ ಶಾಪ.

ಬಸ್ಸಿನಲ್ಲಿ ಅಬ್ದುಲಸಾಬನಿದ್ದ, ಹುನಗುಂದದ ಗೊಬ್ಬರದ ಗೋದಾಮಿನಲ್ಲಿ ಹಮಾಲಿ. ಇಳಿದವನು ನೇರ ಆ ಬಿಳಿ ರಾಶಿಯ ಹತ್ತಿರ ಹೋಗಿ ಎರಡು ಕಾಳು ನಾಲಗೆಗೆ ಹಚ್ಚಿ ಉಗುಳಿದ.

"ಇದು ಉಪ್ಪಲ್ಲ ಯವ್ವಾ. ಯೂರಿಯಾ. ಚೀಲದ ಗೊಬ್ಬರ."

ರೇಣವ್ವನ ಮುಖ ನಾನು ನೋಡಿದೆ, ಇವತ್ತಿಗೂ ಮರೆತಿಲ್ಲ. ಯಾವುದು ಅವಳನ್ನು ಹೊಲ ಹೊಲದಿಂದ ಹೊರಗೆ ಹಾಕಿತ್ತೋ ಅದನ್ನೇ ದೇವರ ಮುಂದಿಟ್ಟು ಕೈಯಾರೆ ಕುರಿಗೆ ತಿನ್ನಿಸಿದ್ದಳು. ಆದರೆ ಅವಳು ಅಳಲಿಲ್ಲ. "ಏನು ಮಾಡಬೇಕು? ಹೇಳ್ರಿ," ಎಂದಳು.

"ನಮ್ಮ ಗೋದಾಮಿನಾಗ ಒಂದು ಎತ್ತು ಇದನ್ನ ನೆಕ್ಕಿತ್ತು. ಡಾಕ್ಟರು ಬಂದು ಹುಳಿ ನೀರು ಹಾಕಿಸಿದ್ರು. ಭಾಳ ಹುಳಿ ಇರಬೇಕು, ಭಾಳ ನೀರು ಇರಬೇಕು. ಎತ್ತು ಬದುಕ್ತು," ಎಂದ ಅಬ್ದುಲಸಾಬ.

ಆ ಬಯಲಿನಲ್ಲಿ ಹುಳಿ ಎಲ್ಲಿಂದ ತರುವುದು? ಅಷ್ಟರಲ್ಲಿ ಕಳಕಪ್ಪ, ರಸ್ತೆಯ ಬದಿಗುಂಟ ದಾಟಿಸಬಹುದೆಂದು ಬಸ್ಸಿಗೆ ಸ್ಟಾರ್ಟ್ ಕೊಟ್ಟ. ರೇಣವ್ವ ಓಡಿ ಬಂದು ಬಸ್ಸಿನ ಮೂತಿಗೆ ಎದೆ ಕೊಟ್ಟು ನಿಂತಳು. ಕೋಲು ಅಡ್ಡ ಹಿಡಿದಿದ್ದಳು.

"ಬಸ್ಸಿನಾಗ ಹುಣಸಿಹಣ್ಣು ಇದ್ದವರು ಕೊಡ್ರಿ. ಸುಗ್ಗಿ ದಿನ, ಯಾರ ಗಂಟಿನಾಗರ ಇದ್ದ ಇರತೈತಿ. ಕೊಡೂತನ ಈ ಬಸ್ ಬಿಡೂದಿಲ್ಲ. ನನ್ನ ಮ್ಯಾಲ ಹಾಯಿಸಿಕೊಂಡು ಹೋಗ್ರಿ."

ಕಳಕಪ್ಪ ನನ್ನ ಮುಖ ನೋಡಿದ. ನಾನು ಇಂಜಿನ್ ಬಂದ್ ಮಾಡು ಎಂದೆ. ಹಿಂದಿನ ಸೀಟಿನಲ್ಲಿ ಶಿವಲಿಂಗವ್ವನೆಂಬ ಇಳಕಲ್ಲಿನ ನೇಕಾರರ ಮನೆಯ ಹೆಂಗಸೊಬ್ಬಳು ಹುನಗುಂದದ ಮಗಳ ಮನೆಗೆ ವರ್ಷದ ಹುಣಸೆಹಣ್ಣಿನ ಗಂಟು ಒಯ್ಯುತ್ತಿದ್ದಳು. ಮೊದಲು ಗಂಟನ್ನು ಸೆರಗಿನಿಂದ ಮುಚ್ಚಿಕೊಂಡಳು. ಆಮೇಲೆ ಏನನಿಸಿತೋ, "ಹಾಳಾಗ್ಲಿ, ನಮ್ಮ ಅಳಿಯ ಒಂದು ವರ್ಷ ಸಪ್ಪನ ಸಾರು ಉಣ್ಲಿ," ಎಂದು ತಾನೇ ಗಂಟು ಹೊತ್ತು ಇಳಿದಳು.

ಮತ್ತೆ ಯಾರೂ ಬಸ್ಸಿನಲ್ಲಿ ಕೂರಲಿಲ್ಲ. ಸೇತುವೆ ಕೆಳಗಿನ ಮಡುವಿನ ನೀರು ತಂದು, ಕುದುರೆ ಮೇಲಿದ್ದ ಕೊಡಗಳಲ್ಲಿ ಹುಣಸೆ ಕಿವುಚಿದರು. ಕುರಿಯ ಬಾಯಿಗೆ ಔಷಧ ಸುರಿಯುವ ಬಿದಿರಿನ ಗೊಟ್ಟ ಇದ್ದದ್ದು ಒಂದೇ. ರೇಣವ್ವ ಅದನ್ನು ತುಂಬಿಕೊಂಡು ಎದ್ದಳು.

"ಮೊದಲ ಟಗರು! ಟಗರಿಗೆ ಹಾಕು!" ಎಂದು ಸತ್ಯವ್ವ ಚೀರಿದಳು.

ಟಗರು ಎಲ್ಲಕ್ಕಿಂತ ಹೆಚ್ಚು ತಿಂದಿತ್ತು. ಕುತ್ತಿಗೆ ಹಿಂದಕ್ಕೆ ಸೆಟೆದು ಕಣ್ಣು ಮೇಲಾಗಿತ್ತು. ರೇಣವ್ವ ಅದರ ಹತ್ತಿರ ಮಂಡಿಯೂರಿ ಕಣ್ಣರೆಪ್ಪೆ ಎತ್ತಿ ನೋಡಿದಳು. ಅದರ ಮೇಲೆ ಏನೇನು ನಿಂತಿದೆ ಎಂಬುದು ಅಲ್ಲಿದ್ದವರಲ್ಲಿ ಅವಳಿಗೆ, ಮುದುಕಿಗೆ ಮತ್ತು ನನಗೆ ಗೊತ್ತಿತ್ತು. ಒಂದು ಸಲ ಅದರ ಹಣೆ ಸವರಿದಳು. ಎದ್ದು, ಪಕ್ಕದಲ್ಲಿ ಇನ್ನೂ ಕಾಲಮೇಲೆ ತೂರಾಡುತ್ತಿದ್ದ ಬಾಣಂತಿ ಕುರಿಯ ಬಾಯಿ ಅಗಲಿಸಿ ಗೊಟ್ಟ ಇಳಿಸಿದಳು.

"ಬದುಕೂವು ಮೊದಲ, ಅತ್ತಿ," ಎಂದಳು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ ಎನಿಸುತ್ತದೆ. ಚೊಂಬು, ಬಾಟಲಿ, ತಂಬಿಗೆ, ಯಾರ ಕೈಯಲ್ಲಿ ಏನಿತ್ತೋ ಅದರಲ್ಲೇ ಹುಳಿ ನೀರು ಹುಯ್ದರು. ಬಿಳಿ ಧೋತರದ ಸಾಹುಕಾರನೊಬ್ಬ ಕುರಿಯನ್ನು ತೊಡೆಯ ನಡುವೆ ಅವುಚಿ ಹಿಡಿದಿದ್ದ. ನಾನು ಕುರಿಯ ದವಡೆ ಹಿಡಿದೆ, ಕಳಕಪ್ಪ ಹುಯ್ದ. ಖಾಕಿ ಅಂಗಿಯ ತುಂಬ ನೊರೆ, ಹಿಕ್ಕೆ, ಹುಣಸೆ. ಒಂದು ಕುರಿ ತೇಗಿ, ಎದ್ದು ನಿಂತು, ಮೈ ಕೊಡವಿದಾಗ ನಾನು ಗಟ್ಟಿಯಾಗಿ ಕೂಗಿದೆನಂತೆ, ನನಗೆ ನೆನಪಿಲ್ಲ. ಬಹಳಷ್ಟು ಬದುಕಿದವು. ಕೆಲವು ಉಳಿಯಲಿಲ್ಲ. ಟಗರು ಉಳಿಯಲಿಲ್ಲ.

ಸ್ಕೂಟರ್ ಮೇಲೆ ಬಂದ ಹೋಟೆಲ್ಲಿನವನೊಬ್ಬ ಸತ್ತವನ್ನು ಒಂದು ರೇಟಿಗೆ ಒಯ್ಯುತ್ತೇನೆಂದ. ರೇಣವ್ವ, "ವಿಷಾ ತಿಂದ ಕುರಿ ಮಂದಿಗೆ ಉಣಸ್ತಿ ಏನು? ನಡಿ ಇಲ್ಲಿಂದ," ಎಂದು ಕೋಲು ಎತ್ತಿದಳು. ಹಳ್ಳದ ದಂಡೆಗೆ ಕುಣಿ ತೋಡಿ ಎಲ್ಲವನ್ನೂ ಹೂಳಿದಳು. ಟಗರನ್ನು ಹೂಳುವ ಮೊದಲು ಕೊರಳ ಗಂಟೆ ಬಿಚ್ಚಿಕೊಂಡಳು. ಅಷ್ಟು ಹೊತ್ತೂ ಒಣಗಿದ್ದ ಅವಳ ಕಣ್ಣು ಆಗ ತುಂಬಿತು.

"ಟಗರು ಹೋತು. ಹಿಂಡೂ ಹೋತು," ಎಂದಳು ಸತ್ಯವ್ವ ಮಣ್ಣಿನಲ್ಲಿ ಕೂತು.

"ಟಗರು ಹೋಗೇತಿ. ನಾ ಹೋಗಿಲ್ಲ," ಎಂದಳು ರೇಣವ್ವ.

ಆದರೆ ಹಿಂಡು ಹೊರಡಲೊಲ್ಲದು. ಗಂಟೆಯ ಸದ್ದಿಲ್ಲದೆ ದಿಕ್ಕು ತೋಚದೆ ಅಲ್ಲೇ ಗುಂಪುಗೂಡಿ ಸುತ್ತತೊಡಗಿತು. ನಾಯಿ ಬೊಗಳಿದರೂ ಇಲ್ಲ, ಮುದುಕಿ ಕೋಲಿನಿಂದ ತಟ್ಟಿದರೂ ಇಲ್ಲ. ರೇಣವ್ವ ಆ ಗಂಟೆಯನ್ನು ತನ್ನ ನಡುವಿಗೆ ಕಟ್ಟಿಕೊಂಡು, ಹಿಂದಿನಿಂದ ಮುಂದಕ್ಕೆ ಬಂದು, ರಸ್ತೆಯ ಮೇಲೆ 'ಠಣ್ ಠಣ್' ಎಂದು ನಡೆಯತೊಡಗಿದಳು. ಒಂದು ಕುರಿ ತಲೆಯೆತ್ತಿತು. ಆಮೇಲೆ ಎಲ್ಲವೂ ಅವಳ ಹಿಂದೆ ಹೊರಟವು.

ದಿನಾ ನಾನು ಅವಳನ್ನು ದಾರಿಯಲ್ಲಿ ಕಾಣುತ್ತಿದ್ದೆ. ಬಿಸಿಲಿಗೆ ಮುಖ ಕರಕಾಗಿತ್ತು. ಹುನಗುಂದದ ಪೇಟೆಯಲ್ಲಿ ಪಡ್ಡೆ ಹುಡುಗರು "ಟಗರು ಬಂತು, ಟಗರು ಬಂತು" ಎಂದು ಹಿಂದೆ ಬಿದ್ದು ಹುಯಿಲೆಬ್ಬಿಸಿದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಬಸ್ಸಿನಿಂದ ಒಬ್ಬ ನಕ್ಕದ್ದಕ್ಕೆ ನಾನು ಅವನನ್ನು ಮುಂದಿನ ಸ್ಟಾಪಿನವರೆಗೂ ಬೈದೆ. ಸುದ್ದಿ ಶಿರೂರಿಗೆ ಮುಟ್ಟಿತ್ತು. ಬಸ್ಸು ಹೋದಲ್ಲಿಗೆ ಸುದ್ದಿ ಹೋಗುತ್ತದೆ, ಯಾರೂ ತಡೆಯಲಾರರು. ಅಮೀನಗಡದ ಸಂತೆಯಲ್ಲಿ ಗುರಲಿಂಗಪ್ಪ ವ್ಯಾಪಾರಿಗಳನ್ನು ಕೂಡಿಸಿಕೊಂಡು ಕಾಯುತ್ತಿದ್ದ.

"ವೈನಿ, ನೀ ಮಾಡೂದಷ್ಟು ಮಾಡಿದಿ. ದೇವರ ಬಿಟ್ಟು ಹೋದ ಹಿಂಡು ಮನಿಗೆ ಯಾಕ ಒಯ್ತಿ? ಇಲ್ಲೇ ಕೊಟ್ಟು ಬಿಡೂಣು." ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಖರೇನೇ ಮರುಕ ಇತ್ತು.

"ಮಾತಾಗಿದ್ದು ಹೊಸ್ತಿಲದ ಮ್ಯಾಲ. ಸಂತ್ಯಾಗ ಅಲ್ಲ," ಎಂದು ರೇಣವ್ವ ನಿಲ್ಲದೆ ನಡೆದಳು. ಅವನೂ ಹಿಂದೆ ನಡೆದ. ಕಮತಗಿ ದಾಟುವಾಗ ಸೇತುವೆಯ ಮೇಲೆ ಲಾರಿಗಳು ಎದುರಾದಾಗ ಪ್ಯಾಂಟು ಮೇಲಕ್ಕೆ ಮಡಚಿ ಅವನೇ ಕೈ ಅಡ್ಡ ಹಿಡಿದು ಹಿಂಡು ದಾಟಿಸಿದನಂತೆ.

ಯುಗಾದಿಗೆ ಇನ್ನೂ ಸಮಯವಿರುವಾಗ, ಒಂದು ಇಳಿಮಧ್ಯಾಹ್ನ, ಶಿರೂರಿನ ಅಗಸಿ ಬಾಗಿಲಲ್ಲಿ ನಮ್ಮ ಬಸ್ಸು ಅವಳ ಹಿಂಡಿನ ಹಿಂದೆ ಸಿಕ್ಕಿಕೊಂಡಿತು. ಕಳಕಪ್ಪ ಹಾರ್ನ್ ಒತ್ತಲಿಲ್ಲ. ಪ್ರಯಾಣಿಕರೂ ಒತ್ತು ಎನ್ನಲಿಲ್ಲ. ಕುರಿಯ ಹೆಜ್ಜೆಯಲ್ಲೇ ಬಸ್ಸು ಅವರ ಮನೆಯವರೆಗೆ ಹೋಗಿ ನಿಂತಿತು. ನಾನು ಇಳಿದೆ.

ಒಳಗೆ ಮಲಗಿದ್ದ ಕನಕಪ್ಪನಿಗೆ ಗಂಟೆಯ ಸದ್ದು ದೂರದಿಂದಲೇ ಕೇಳಿತ್ತು. ಟಗರು ಸತ್ತ ಸುದ್ದಿಯನ್ನು ಮಗಳು ಹನಮವ್ವ ಅವನಿಂದ ಮುಚ್ಚಿಟ್ಟಿದ್ದಳು. "ಟಗರು ಬಂತು, ನೀರು ತಾ," ಎಂದು ಮಗಳನ್ನು ಕೂಗುತ್ತ, ಊರುಗೋಲು ಊರುತ್ತ, ಹಿತ್ತಾಳೆ ಕೊಡ ಎಳೆದುಕೊಂಡೇ ಹೊಸ್ತಿಲಿಗೆ ಬಂದ. ಬಂದವನ ಕಣ್ಣು ಟಗರನ್ನು ಹುಡುಕಿತು. ಹೆಂಡತಿಯ ನಡುವಿನಲ್ಲಿದ್ದ ಗಂಟೆಯ ಮೇಲೆ ನಿಂತಿತು.

ಪೂಜಾರಿ ಅಮಸಿದ್ದಪ್ಪ ಕಟ್ಟೆಯ ಮೇಲಿದ್ದ. ಊರು ನೆರೆದಿತ್ತು. ರೇಣವ್ವ ಯಾರೂ ಕೇಳುವ ಮೊದಲೇ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ.

"ಉಪ್ಪಂತ ತಿಳದು ಗೊಬ್ಬರ ತಿನಸಿದ್ನಿ. ಟಗರು ಸತ್ತೈತಿ. ಬದಕಸೂ ಹೊತ್ತಿನಾಗ ನಾ ಅದನ್ನ ಬಿಟ್ಟು ಬ್ಯಾರೇವನ್ನ ಬದುಕಿಸಿದ್ನಿ. ಹಿಂಡು ತಂದೇನಿ. ಟಗರಿಲ್ಲ."

ಎಲ್ಲರೂ ಅಮಸಿದ್ದಪ್ಪನ ಕಡೆ ನೋಡಿದರು. ಅವನು ಗಡ್ಡ ನೀವಿಕೊಳ್ಳುತ್ತ ನೆಲ ನೋಡಿದ.

ಕನಕಪ್ಪ ಊರುಗೋಲನ್ನು ಗೋಡೆಗೆ ಆನಿಸಿದ. ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ನಿಧಾನವಾಗಿ ಹೊಸ್ತಿಲ ಮೇಲೆ ಕೂತ. ಕೊಡ ಹತ್ತಿರ ಎಳೆದುಕೊಂಡ.

"ಮುಂದ ಬಾ," ಎಂದ ಹೆಂಡತಿಗೆ.

ಅವಳು ಬಂದಳು.

"ಕಾಲು ಕೊಡು."

"ಏನು ಮಾಡಾಕತ್ತೀರಿ? ಮಂದಿ ನೋಡಾಕತ್ತಾರ," ಎಂದಳು ರೇಣವ್ವ. ಇಡೀ ದಾರಿಯಲ್ಲಿ ಯಾರಿಗೂ ಹೆದರದವಳು ಕಾಲನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು.

"ನೋಡ್ಲಿ. ಹಿಂಡಿನ ಮುಂದ ಬಂದವ್ರ ಕಾಲು ತೊಳ್ಯೂದು ಈ ಮನಿ ಯಜಮಾನನ ಕೆಲಸ. ಬೀರಪ್ಪ ಬಿಟ್ಟು ಹೋಗಿದ್ರ ಇವು ಯಾರ ಹಿಂದ ಬಂದು ನಿಂತಾವು?" ಎಂದು ಕನಕಪ್ಪ, ಒಡೆದು ರಕ್ತ ಹೆಪ್ಪುಗಟ್ಟಿದ್ದ ಅವಳ ಅಂಗಾಲಿನ ಮೇಲೆ ನೀರು ಹುಯ್ದ. ಕೈಯಿಂದ ಉಜ್ಜಿ ತೊಳೆದ, ಒಂದು ಕಾಲು, ಆಮೇಲೆ ಇನ್ನೊಂದು.

ಅಮಸಿದ್ದಪ್ಪ ಕಟ್ಟೆಯಿಂದ ಇಳಿದು ಬಂದು ಭಂಡಾರದ ಚೀಲ ಬಿಚ್ಚಿ ದೇವರ ಅರಿಶಿನ ರೇಣವ್ವನ ಹಣೆಗೆ ಹಚ್ಚಿದ. ಅವಳು ಹೊಸ್ತಿಲು ದಾಟುವಾಗ ನಡುವಿನ ಗಂಟೆ ಒಮ್ಮೆ ಸದ್ದು ಮಾಡಿತು. ಗುರಲಿಂಗಪ್ಪ ಹೋಗಿ ದಡ್ಡಿಯ ಬಾಗಿಲು ತೆರೆದ.